ಪಿನ್‌ಕೋಡ್‌ಗೆ ಇಂಟರ್ನೆಟ್ ಇತ್ತು, ಮನೆಗೆ ಇರಲಿಲ್ಲ

ಸಾಗರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಹಳ್ಳಿ ಅಂದರೂ ಮನೆಗಳೆಲ್ಲ ಒಂದೇ ಕಡೆ ಇಲ್ಲ. ಮಲೆನಾಡಿನಲ್ಲಿ ಊರೆಂದರೆ ಗುಡ್ಡದ ಬುಡಕ್ಕೊಂದು ಮನೆ, ತೋಟದ ತಲೆಗೊಂದು ಮನೆ. ನಮ್ಮ ಅಂಗಳದಿಂದ ಟಾರು ರಸ್ತೆಗೆ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಡುವೆ ಇಬ್ಬರ ಅಡಿಕೆ ತೋಟ, ಒಂದು ಹಳ್ಳ, ಹಳ್ಳಕ್ಕೊಂದು ಸಂಕ, ಅಂದರೆ ಕಾಲುಸೇತುವೆ.

2025ರ ಮೇ ಮೊದಲ ವಾರ ಅಪ್ಪಯ್ಯನಿಗೆ ಸೊಂಟದ ಆಪರೇಷನ್ ಆಯಿತು. ಅಮ್ಮ ಒಬ್ಬರಿಂದ ಆಗುವ ಕೆಲಸವಲ್ಲ. ಆರು ತಿಂಗಳು ಊರಿನಿಂದಲೇ ಕೆಲಸ ಮಾಡುತ್ತೇನೆ ಅಂತ ಬೆಂಗಳೂರಿನ ಆಫೀಸಿಗೆ ಕೇಳಿದೆ. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮೂರಲ್ಲಿ ಬ್ರಾಡ್‌ಬ್ಯಾಂಡ್ ಇದೆಯಾ?" ನಾನು, "ಇರುತ್ತೆ ಬಿಡಿ ಸಾರ್" ಅಂದೆ.

ಆ ಮಾತು ನಿಜವಾಗಲು 23 ದಿನ ಬೇಕಾಯಿತು. ಮೇ 5ಕ್ಕೆ ಹುಡುಕಲು ಶುರು ಮಾಡಿದೆ, ಮೇ 27ಕ್ಕೆ ಮೋಡೆಮ್‌ನ ಹಸಿರು ದೀಪ ಹತ್ತಿತು. ಅದರಲ್ಲಿ ಮೊದಲ ಹತ್ತು ದಿನ ಸುಮ್ನೆ ಹೋಯಿತು. ಯಾಕೆ ಹೋಯಿತು ಅನ್ನುವುದನ್ನೇ ಜಾಸ್ತಿ ಬರೆಯುತ್ತೇನೆ. ಯಾವ ಕಂಪನಿಯ ಸಂಪರ್ಕ ತೆಗೆದುಕೊಂಡೆ ಅಂತ ಹೇಳುವುದಿಲ್ಲ. ನಮ್ಮ ಕಂಬದಲ್ಲಿ ಅವರ ವೈರು ಇತ್ತು, ನಿಮ್ಮ ಕಂಬದಲ್ಲಿ ಬೇರೆಯವರದ್ದು ಇರಬಹುದು.

ಬೇಕಾಗಿದ್ದು ಎಷ್ಟು

ಹುಡುಕುವ ಮೊದಲು ನನಗೆ ಎಷ್ಟು ವೇಗ ಬೇಕು ಅಂತ ಕೂತು ಲೆಕ್ಕ ಹಾಕಿದೆ. ಒಂದು ಒಳ್ಳೆಯ ವಿಡಿಯೋ ಕರೆಗೆ ಎರಡೂ ದಿಕ್ಕಿಗೆ 3ರಿಂದ 4 ಎಂಬಿಪಿಎಸ್ ಸಾಕು. ಆಫೀಸಿನ ಜಾಲಕ್ಕೆ ಮನೆಯಿಂದ ಸೇರಿಸುವ ವಿಪಿಎನ್, ಅಮ್ಮನ ಯೂಟ್ಯೂಬ್, ರಾತ್ರಿ ಟಿವಿ ಎಲ್ಲ ಸೇರಿದರೂ 20 ದಾಟುವುದಿಲ್ಲ. ಅಂದರೆ 300 ಎಂಬಿಪಿಎಸ್ ಪ್ಲಾನಿನ ಜಾಹೀರಾತು ನನಗಲ್ಲ. ನನಗೆ ಬೇಕಾಗಿದ್ದು ಅಪ್‌ಲೋಡ್ ಮತ್ತು ಕಡಿಯದ ಲೈನು. ಮಾತಿನ ಮಧ್ಯೆ ನನ್ನ ಮುಖ ಕಲ್ಲಾಗಬಾರದು, ಅಷ್ಟೇ.

ಮನೆಯಲ್ಲಿ ಆಗಲೇ ಏನಿತ್ತು ಅಂತಲೂ ನೋಡಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಹಾಕಿಕೊಂಡು ದಿನಕ್ಕೆ ಮೂರು ಸಲ ಅಳೆದೆ. ಜಗಲಿಯಲ್ಲಿ ಬೆಳಿಗ್ಗೆ 6 ಎಂಬಿಪಿಎಸ್ ಬರುತ್ತಿತ್ತು. ರಾತ್ರಿ ಎಂಟಕ್ಕೆ, ಊರೆಲ್ಲ ಮೊಬೈಲ್ ಹಿಡಿದ ಹೊತ್ತಿಗೆ, 1.4. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗ 2004ರಲ್ಲಿ 256 ಕೆಬಿಪಿಎಸ್ ಇತ್ತು, 2013ರಲ್ಲಿ 512 ಆಯಿತು, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು. ಆ ಲೆಕ್ಕದಲ್ಲಿ ನಮ್ಮ ಮನೆಗೆ ಬೆಳಿಗ್ಗೆ ಬ್ರಾಡ್‌ಬ್ಯಾಂಡ್ ಇತ್ತು, ರಾತ್ರಿ ಇರಲಿಲ್ಲ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ಅಂತ ಒಂದು ಕಡೆ ಸಿಗ್ನಲ್ ಬಲ ಡಿಬಿಎಂ ಅನ್ನುವ ಅಳತೆಯಲ್ಲಿ ಸಿಗುತ್ತದೆ. ಕಡ್ಡಿ ಎಣಿಸುವುದಕ್ಕಿಂತ ಅದನ್ನು ನೋಡುವುದು ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಕಷ್ಟ. ನಮ್ಮ ಜಗಲಿಯಲ್ಲಿ ಮೈನಸ್ 113, ಮಹಡಿಯ ಪೂರ್ವದ ಕಿಟಕಿಯಲ್ಲಿ ಮೈನಸ್ 102. ಆ ಕಿಟಕಿ ಮುಂದೆ ಉಪಯೋಗಕ್ಕೆ ಬಂತು.

"ಅಭಿನಂದನೆಗಳು!"

ಎಲ್ಲರ ಹಾಗೆ ನಾನೂ ಮೊದಲು ಕಂಪನಿಗಳ ವೆಬ್‌ಸೈಟಿಗೆ ಹೋದೆ. ಒಂದು ಕಂಪನಿಯ ಪುಟದಲ್ಲಿ ಪಿನ್‌ಕೋಡ್ ಮತ್ತು ಮೊಬೈಲ್ ನಂಬರ್ ಹಾಕಿದೆ. "ಅಭಿನಂದನೆಗಳು! ನಿಮ್ಮ ಪ್ರದೇಶದಲ್ಲಿ ನಮ್ಮ ಸೇವೆ ಲಭ್ಯವಿದೆ" ಅಂತ ಬಂತು. ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಅಪ್ಪಯ್ಯ ಮಲಗಿದ್ದಲ್ಲಿಂದಲೇ, "ವೈರು ಎಲ್ಲಿಂದ ಬರ್ತದಂತೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಇಡೀ ಪ್ರಕರಣದಲ್ಲಿ ಸರಿಯಾದ ಪ್ರಶ್ನೆಯನ್ನು ಮೊದಲು ಕೇಳಿದವರು ಅವರೇ.

ಮುಂದಿನ ನಾಲ್ಕು ದಿನ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಒಬ್ಬರು ಪ್ಲಾನ್ ಹೇಳಿದರು, ಇನ್ನೊಬ್ಬರು ಆರು ತಿಂಗಳ ದುಡ್ಡು ಮೊದಲೇ ಕಟ್ಟಿದರೆ ಇನ್‌ಸ್ಟಲೇಷನ್ ಉಚಿತ ಅಂದರು. ಲೊಕೇಶನ್ ಕಳಿಸಿ ಅಂತ ಕೇಳಿದ್ದು ಐದನೇ ಕರೆ ಮಾಡಿದವರು. ಕಳಿಸಿದೆ. ಸಂಜೆ ಉತ್ತರ ಬಂತು. "ಫೀಸಿಬಿಲಿಟಿ ಇಲ್ಲ ಸಾರ್." ಅಂದರೆ ನಮ್ಮ ಮನೆಗೆ ವೈರು ತರಲು ಆಗುವುದಿಲ್ಲ. ಅವರ ವೈರು ಇದ್ದದ್ದು ಪೇಟೆಯಲ್ಲಿ, ನಮ್ಮಿಂದ 11 ಕಿಲೋಮೀಟರ್ ದೂರ.

ಇದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನುವುದೇ ತಮಾಷೆ. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ, ಕಾಗದ ಹಂಚುವವರ ಅನುಕೂಲಕ್ಕೆ. ಹಳ್ಳಿ ಕಡೆ ಒಂದು ಪಿನ್‌ಕೋಡ್ ಅಂದರೆ ಹತ್ತಾರು ಊರು. ಅದರಲ್ಲಿ ಒಂದು ಬೀದಿಗೆ ವೈರು ಬಂದರೂ ಪಿನ್‌ಕೋಡ್‌ಗೆ ಬಂದ ಹಾಗೆ. ನಾನು ಕೇಳಿದ್ದು ಪಿನ್‌ಕೋಡ್‌ನ ಪ್ರಶ್ನೆ. ಅವರು ಕೊಟ್ಟದ್ದು ಪಿನ್‌ಕೋಡ್‌ನ ಉತ್ತರ.

ಅಮೆರಿಕದಲ್ಲಿರುವ ನಮ್ಮ ಭಾವನಿಗೆ ಇದನ್ನು ಹೇಳಿದಾಗ ನಕ್ಕ. ಅಲ್ಲಿನ ಸಂಪರ್ಕ ಆಯೋಗ 2022ರ ನವೆಂಬರ್‌ನಲ್ಲಿ ಒಂದು ಬ್ರಾಡ್‌ಬ್ಯಾಂಡ್ ನಕ್ಷೆ ಬಿಟ್ಟಿದೆ. ಅದರಲ್ಲಿ ಮನೆ ವಿಳಾಸ ಹಾಕಿದರೆ ಆ ಮನೆಗೇ ಯಾರ್ಯಾರು ಸೇವೆ ಕೊಡುತ್ತಾರೆ ಅಂತ ತೋರಿಸುತ್ತದೆ. ತಪ್ಪಿದ್ದರೆ ಮನೆಯವರೇ ಆಕ್ಷೇಪ ಹಾಕಬಹುದು. ನಮ್ಮಲ್ಲಿ ಮೊಬೈಲ್ ಸಿಗ್ನಲ್‌ಗೆ ಕಂಪನಿಗಳು ನಕ್ಷೆ ಪ್ರಕಟಿಸಬೇಕು ಅಂತ ಟ್ರಾಯ್‌ನ 2024ರ ನಿಯಮ ಹೇಳುತ್ತದೆ. ವೈರಿನ ಇಂಟರ್ನೆಟ್‌ಗೆ ಮನೆ ಮಟ್ಟದ ಅಂಥ ನಕ್ಷೆ ನನಗಂತೂ ಸಿಗಲಿಲ್ಲ.

ಸರ್ಕಾರದ ಎರಡು ಪುಟಗಳು

ಆದರೆ ಕೆಲಸಕ್ಕೆ ಬರುವ ಎರಡು ಪುಟಗಳು ಇವೆ. ನನಗೆ ಗೊತ್ತಾದದ್ದು ಎಂಟನೇ ದಿನ.

ಮೊದಲನೆಯದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ. ಕಳೆದುಹೋದ ಫೋನ್ ಬ್ಲಾಕ್ ಮಾಡಿಸಲು ಜನ ಅಲ್ಲಿಗೆ ಹೋಗುತ್ತಾರೆ. ಅದೇ ಪುಟದಲ್ಲಿ ನಿಮ್ಮ ವೈರ್‌ಲೈನ್ ಇಂಟರ್ನೆಟ್ ಸೇವೆಯವರು ಯಾರು ಅಂತ ಹುಡುಕುವ ಒಂದು ಸೌಲಭ್ಯವೂ ಇದೆ. ಪಿನ್‌ಕೋಡ್, ವಿಳಾಸ ಅಥವಾ ಕಂಪನಿಯ ಹೆಸರು ಹಾಕಬಹುದು. ಹಾಕಿದೆ. ಟಿವಿಯಲ್ಲಿ ಜಾಹೀರಾತು ಬರುವ ಹೆಸರುಗಳ ಜೊತೆ ನಾನು ಕೇಳಿಯೇ ಇರದ ಹೆಸರುಗಳೂ ಬಂದವು.

ಕೇಳಿರದ ಹೆಸರು ಬಂದರೆ ಹೆದರಬೇಕಿಲ್ಲ. ಇಂಟರ್ನೆಟ್ ಸೇವೆಯ ಪರವಾನಗಿಯಲ್ಲಿ ಮೂರು ದರ್ಜೆ ಇದೆ. ಎ ಅಂದರೆ ಇಡೀ ದೇಶ. ಬಿ ಅಂದರೆ ಒಂದು ಟೆಲಿಕಾಂ ವೃತ್ತ, ಹೆಚ್ಚುಕಡಿಮೆ ಒಂದು ರಾಜ್ಯ. ಸಿ ಅಂದರೆ ಅದಕ್ಕಿಂತ ಚಿಕ್ಕ ಪ್ರದೇಶ. ನಿನ್ನೆ ಮೊನ್ನೆಯವರೆಗೆ ಕೇಬಲ್ ಟಿವಿ ನಡೆಸುತ್ತಿದ್ದ ಎಷ್ಟೋ ಜನ ಇವತ್ತು ಇಂಟರ್ನೆಟ್ ಕೊಡುತ್ತಿದ್ದಾರೆ. ಕೆಲವರು ಸ್ವಂತ ಪರವಾನಗಿ ತೆಗೆದುಕೊಂಡಿದ್ದಾರೆ, ಕೆಲವರು ದೊಡ್ಡ ಕಂಪನಿಯ ಏಜೆಂಟರು. ಬಿಎಸ್‌ಎನ್‌ಎಲ್‌ನ ಮನೆ ಫೈಬರ್ (ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ) ಕೂಡ ಬಹಳ ಕಡೆ ಇಂಥ ಸ್ಥಳೀಯ ಪಾಲುದಾರರ ಮೂಲಕವೇ ಮನೆ ಮುಟ್ಟುತ್ತದೆ. ಬಿಲ್ಲಿನ ಮೇಲೆ ಇರುವ ಹೆಸರು ಒಂದು, ಮನೆಗೆ ಏಣಿ ತರುವವರು ಇನ್ನೊಬ್ಬರು. ನಮಗೆ ಬೇಕಾದದ್ದು ಏಣಿ ತರುವವರ ಫೋನ್ ನಂಬರ್.

ಎರಡನೆಯದು ತರಂಗ್ ಸಂಚಾರ್. ಮೊಬೈಲ್ ಟವರ್‌ಗಳ ವಿಕಿರಣದ ಬಗ್ಗೆ ಜನರ ಭಯ ಕಡಿಮೆ ಮಾಡಲು 2017ರಲ್ಲಿ ಶುರು ಮಾಡಿದ ಪುಟ. ಅದರಲ್ಲಿ ಸುತ್ತಲಿನ ಟವರ್‌ಗಳು ನಕ್ಷೆಯಲ್ಲಿ ಕಾಣುತ್ತವೆ. ನಾನು ಅದನ್ನು ಬೇರೆಯದೇ ಕೆಲಸಕ್ಕೆ ಬಳಸಿದೆ. ನಮ್ಮ ಮನೆಗೆ ಹತ್ತಿರ ಎರಡು ಟವರ್. ಒಂದು ಮೂರೂವರೆ ಕಿಲೋಮೀಟರ್ ದೂರ, ಸೊಪ್ಪಿನ ಬೆಟ್ಟದ ಆಚೆ. ಇನ್ನೊಂದು ನಾಲ್ಕು ಕಿಲೋಮೀಟರ್, ಪೂರ್ವದ ಬಯಲಿನ ಕಡೆ. ಮಹಡಿ ಕಿಟಕಿಯಲ್ಲಿ ಸಿಗ್ನಲ್ ಜಾಸ್ತಿ ಯಾಕೆ ಅಂತ ಆಗ ಗೊತ್ತಾಯಿತು.

ಗಾಳಿಯಲ್ಲಿ ಬರುವ ಫೈಬರ್

ವೈರಿಲ್ಲದ ಮನೆ ಇಂಟರ್ನೆಟ್ ಈಗ ಎಲ್ಲರ ಬಾಯಲ್ಲಿದೆ. ಏರ್‌ಟೆಲ್ 2023ರ ಆಗಸ್ಟ್‌ನಲ್ಲಿ, ಜಿಯೋ ಅದೇ ವರ್ಷ ಸೆಪ್ಟೆಂಬರ್‌ನ ಗಣೇಶ ಚೌತಿಯ ದಿನ ಏರ್‌ಫೈಬರ್ ಅಂತ ಶುರು ಮಾಡಿದವು. ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಫೈಬರ್ ಬರುವುದಿಲ್ಲ. ಮಾಡಿನ ಮೇಲೊಂದು ಡಬ್ಬಿ ಕೂರಿಸುತ್ತಾರೆ, ಅದು ಟವರ್‌ನಿಂದ 5ಜಿ ಸಿಗ್ನಲ್ ಹಿಡಿದು ಒಳಗಿನ ವೈಫೈಗೆ ಕೊಡುತ್ತದೆ. ಕೆಲವು ಕಡೆ 5ಜಿ ಬದಲು ಪರವಾನಗಿ ಬೇಡದ ತರಂಗದ ರೇಡಿಯೋ ಹಾಕುತ್ತಾರೆ. ಅದಕ್ಕೆ ಎದುರಿನ ಕಂಬ ಕಣ್ಣಿಗೆ ಕಾಣಬೇಕು.

ಇಂಥ ಸೇವೆ ಕೊಡುವ ಒಂದು ಕಂಪನಿಯ ಹುಡುಗ ಹನ್ನೊಂದನೇ ದಿನ ಬೈಕಿನಲ್ಲಿ ಬಂದ. ಸಂಕದ ಹತ್ತಿರ ಬೈಕು ನಿಲ್ಲಿಸಿ, ತೋಟದಲ್ಲಿ ನಡೆದು ಬಂದು ಮಾಡು ಹತ್ತಿದ. ಹತ್ತು ನಿಮಿಷ ಫೋನ್ ತಿರುಗಿಸಿ ನೋಡಿದ. "ಇಲ್ಲಿ 5ಜಿ ಬರಲ್ಲ ಸಾರ್. ರೇಡಿಯೋ ಹಾಕೋಣ ಅಂದ್ರೆ ಅಡ್ಡ ಇದೆ."

"ಮರ ಕಡಿಸಿದ್ರೆ?" ಅಂತ ಕೇಳಿದೆ.

"ಮರ ಅಲ್ಲ ಸಾರ್, ಗುಡ್ಡ."

ಕೋಕಂ ಕುಡಿದು ಹೋದ. ಆದರೆ ಒಳ್ಳೆಯ ಹುಡುಗ. ಮನೆಗೇ ಬಂದು ನೋಡಿ ಆಗಲ್ಲ ಅಂತ ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ಆ "ಆಗಲ್ಲ"ದಿಂದ ನನ್ನ ಒಂದು ವಾರ ಉಳಿಯಿತು. ಬಯಲುಸೀಮೆಯಲ್ಲಿ, ಪೇಟೆಯ ಅಂಚಿನ ಹೊಸ ಬಡಾವಣೆಯಲ್ಲಿ, ಎದುರಿಗೆ ಟವರ್ ಕಾಣುವ ಮನೆಯಲ್ಲಿ ಇದೇ ಅತಿ ಸುಲಭದ ದಾರಿ. ಎರಡು ದಿನದಲ್ಲಿ ಹಾಕಿ ಹೋಗುತ್ತಾರೆ. ನಮ್ಮಂಥ ಕಣಿವೆಯ ಮನೆಗೆ ಅಲ್ಲ.

ಉಪಗ್ರಹದ ಇಂಟರ್ನೆಟ್ ಬಗ್ಗೆಯೂ ತಮ್ಮ ಕೇಳಿದ. ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದೇ 2025ರ ಜೂನ್‌ನಲ್ಲಿ. ನಾನು ಹುಡುಕುತ್ತಿದ್ದದ್ದು ಮೇ ತಿಂಗಳಲ್ಲಿ. ಆ ಮಾತು ಅಲ್ಲಿಗೇ ಬಿಟ್ಟೆವು.

ಕಂಬ ನೋಡುತ್ತಾ ನಡೆದ ಬೆಳಿಗ್ಗೆ

ಹನ್ನೆರಡನೇ ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ರಸ್ತೆಗೆ ಹೋದೆ. ಟಾರು ರಸ್ತೆಯ ಬದಿಯ ವಿದ್ಯುತ್ ಕಂಬಗಳನ್ನು ನೋಡುತ್ತಾ ಪಂಚಾಯ್ತಿ ಆಫೀಸಿನವರೆಗೆ ಎರಡು ಕಿಲೋಮೀಟರ್ ನಡೆದೆ. ಮೆಸ್ಕಾಂನ ಕಂಬಗಳಲ್ಲಿ ಕರೆಂಟಿನ ತಂತಿಗಿಂತ ಕೆಳಗೆ ಬೆರಳಿಗಿಂತ ಸಣ್ಣ ಕಪ್ಪು ಕೇಬಲ್ ಎಳೆದಿದ್ದರು. ಅಲ್ಲಲ್ಲಿ ಅದನ್ನೇ ಬಳೆಯ ಹಾಗೆ ಸುತ್ತಿ ಕಂಬಕ್ಕೆ ತೂಗುಹಾಕಿದ್ದರು. ಸುತ್ತು ಇದ್ದರೆ ಅದು ಫೈಬರ್ ಅಂತ ತಿಳಿಯಬಹುದು. ಮುಂದೆ ಕಡಿದರೆ ಜೋಡಿಸಲು ಬೇಕು ಅಂತ ಹೆಚ್ಚುವರಿ ಉದ್ದ ಬಿಟ್ಟಿರುತ್ತಾರೆ. ಇಷ್ಟು ವರ್ಷ ಇದೇ ಕಂಬದ ಕೆಳಗೆ ಬಸ್ಸಿಗೆ ಕಾದಿದ್ದೇನೆ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಪಂಚಾಯ್ತಿಗೆ ಫೈಬರ್ ಬಂದಿತ್ತು. ಅದು ಭಾರತ್‌ನೆಟ್‌ನದ್ದು. ಎಲ್ಲ ಗ್ರಾಮ ಪಂಚಾಯ್ತಿಗಳಿಗೂ ಫೈಬರ್ ಎಳೆಯುವ ಈ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರ್‌ನಲ್ಲಿ, ಆಗ ಅದಕ್ಕೆ ಬೇರೆ ಹೆಸರಿತ್ತು. ಪಿಡಿಒ ಗೋಡೆಯ ಮೇಲಿನ ಪೆಟ್ಟಿಗೆ ತೋರಿಸಿದರು. "ನಮ್ಮ ಆಫೀಸಿನವರೆಗೆ ಬಂದಿದೆ ನೋಡಿ. ಇಲ್ಲಿಂದ ಮನೆಗೆ ಯಾರಾದ್ರೂ ಎಳೀಬೇಕಲ್ಲ." ಪಂಚಾಯ್ತಿಗೆ ನೆಟ್ ಬಂದಿದೆ ಅನ್ನುವುದಕ್ಕೂ ಊರಿಗೆ ಬಂದಿದೆ ಅನ್ನುವುದಕ್ಕೂ ನಡುವೆ ಇರುವುದು ಆ "ಯಾರಾದ್ರೂ".

ಆ ಯಾರಾದ್ರೂ ಯಾರು ಅಂತ ಹೇಳಿದ್ದು ಹಾಲಿನ ಡೇರಿಯಲ್ಲಿ ಕ್ಯಾನು ಹಿಡಿದು ನಿಂತಿದ್ದ ಹೆಂಗಸರು. "ಟೀಚರಮ್ಮನ ಮನೇಲಿ ಹೋದ ವರ್ಷವೇ ಹಾಕಿಸಿದಾರಲ್ಲ, ನಿಮಗೆ ಗೊತ್ತಿಲ್ವಾ?"

ಟೀಚರ್ ಮನೆ ನಮ್ಮ ದಾರಿ ಟಾರು ರಸ್ತೆಗೆ ಸೇರುವಲ್ಲೇ ಇದೆ! ಹನ್ನೆರಡು ದಿನ ನಾನು ಶಿವಮೊಗ್ಗ, ಬೆಂಗಳೂರು, ಎಲ್ಲಿಯದೋ ಕಾಲ್‌ಸೆಂಟರ್ ಜೊತೆ ಮಾತಾಡಿದ್ದೆ. ಉತ್ತರ ಒಂದು ಕಿಲೋಮೀಟರ್ ಆಚೆ ಮೇಜಿನ ಮೇಲೆ ಕೂತಿತ್ತು.

ಟೀಚರ್ ಮನೆಯ ಮೋಡೆಮ್

ಸಂಜೆ ಹೋದೆ. ಟೀಚರ್ ಚಹಾ ಕೊಟ್ಟು, "ನೋಡ್ಕೊಳ್ಳಿ" ಅಂದರು. ಮೂರು ಕೆಲಸ ಮಾಡಿದೆ.

ಮೋಡೆಮ್ ತಿರುಗಿಸಿದೆ. ಹಿಂದೆ ಚೀಟಿ ಅಂಟಿಸಿದ್ದರು, ಏಜೆಂಟರ ನಂಬರ್ ಇತ್ತು. ರಾತ್ರಿ ಎಂಟೂವರೆಗೆ ವೇಗ ಅಳೆದೆ. ಬೆಳಿಗ್ಗೆ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. 60 ಎಂಬಿಪಿಎಸ್ ಪ್ಲಾನ್, ಬಂದದ್ದು 54, ಅಪ್‌ಲೋಡ್ 51. ಆಮೇಲೆ ಮಳೆಗಾಲದಲ್ಲಿ ಎಷ್ಟು ದಿನ ಹೋಗಿತ್ತು ಅಂತ ಕೇಳಿದೆ. "ಆಷಾಢದಲ್ಲಿ ಒಮ್ಮೆ ಮೂರು ದಿನ, ಆಮೇಲೆ ಒಂದಿನ. ಫೋನ್ ಮಾಡಿದ್ರೆ ಬರ್ತಾರೆ, ಎತ್ತೋದು ಮಾತ್ರ ನಾಲ್ಕನೇ ಸಲಕ್ಕೆ." ಇಷ್ಟು ಖಚಿತವಾದ ಮಾಹಿತಿ ಯಾವ ವೆಬ್‌ಸೈಟೂ ಕೊಟ್ಟಿರಲಿಲ್ಲ.

ಏಜೆಂಟರಿಗೆ ಫೋನ್ ಮಾಡಿದೆ. ನಾಲ್ಕನೇ ಸಲಕ್ಕೇ ಎತ್ತಿದರು. ಮರುದಿನ ಬಂದರು. ಮೊದಲು ಕೇಬಲ್ ಟಿವಿ ಮಾಡುತ್ತಿದ್ದವರು, ಈಗ ಸುತ್ತಲಿನ ನಾಲ್ಕು ಪಂಚಾಯ್ತಿಯ ಫೈಬರ್ ನೋಡಿಕೊಳ್ಳುತ್ತಾರೆ. ಟೀಚರ್ ಮನೆ ಎದುರಿನ ಕಂಬದ ಡಬ್ಬಿ ಬಿಚ್ಚಿ ತೋರಿಸಿದರು. ಎಂಟು ಪೋರ್ಟ್ ಇತ್ತು, ಮೂರು ತುಂಬಿತ್ತು, ಐದು ಖಾಲಿ. ಇಷ್ಟು ದಿನ ಹುಡುಕಿದ್ದಕ್ಕೆ ಉತ್ತರ ಆ ಐದು ತೂತು.

ಇಲ್ಲಿ ನನಗೊಂದು ತಪ್ಪು ಕಲ್ಪನೆ ಇತ್ತು. ಒಂದು ಕಿಲೋಮೀಟರ್ ದೂರ ಅಂದರೆ ಸಿಗ್ನಲ್ ಸೊರಗುತ್ತದೆ ಅಂದುಕೊಂಡಿದ್ದೆ. ಹಳೆ ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲಿ ಹಾಗೆಯೇ ಆಗುತ್ತಿತ್ತು. ಫೈಬರ್ ಹಾಗಲ್ಲ. ಒಂದು ಕಿಲೋಮೀಟರ್ ಗಾಜಿನ ಎಳೆಯಲ್ಲಿ ಬೆಳಕು ಕಳೆದುಕೊಳ್ಳುವುದು ಸುಮಾರು 0.35 ಡೆಸಿಬೆಲ್. ಒಂದು ಕೆಟ್ಟ ಜಾಯಿಂಟ್ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ನಿಜವಾಗಿ ತಿನ್ನುವುದು ಬೆಳಕನ್ನು ಹಂಚುವ ಸ್ಪ್ಲಿಟರ್. ಒಂದು ಎಳೆಯನ್ನು ಎಂಟು ಮಾಡಿದರೆ ಹತ್ತಕ್ಕಿಂತ ಹೆಚ್ಚು ಡೆಸಿಬೆಲ್ ಹೋಗುತ್ತದೆ, ನಾಲ್ಕು ಮಾಡಿದರೆ ಏಳು. ಮನೆಯ ಮೋಡೆಮ್‌ಗೆ ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗೆ ಬೆಳಕು ಸಿಗಬೇಕು. ಟೀಚರ್ ಮನೆಯಲ್ಲಿ ಮೈನಸ್ 19.6 ಇತ್ತು. ಇದನ್ನು ಅಳೆಯುವ ಪವರ್ ಮೀಟರ್ ಏಜೆಂಟರ ಜೇಬಿನಲ್ಲೇ ಇರುತ್ತದೆ, ಕೇಳಿದರೆ ತೋರಿಸುತ್ತಾರೆ.

ಹಾಗಾಗಿ ಸಂಕದ ಹತ್ತಿರ ಇನ್ನೊಂದು ಚಿಕ್ಕ ಸ್ಪ್ಲಿಟರ್ ಹಾಕಿ ನಾಲ್ಕು ಮನೆಗೆ ಹಂಚೋಣ ಅನ್ನುವ ನನ್ನ ಬುದ್ಧಿವಂತಿಕೆಗೆ ಅವರು ತಲೆ ಅಲ್ಲಾಡಿಸಿದರು. ಏಳು ಹೋದರೆ ಮೈನಸ್ 27ರ ಅಂಚಿಗೆ ಬರುತ್ತದೆ. ಮೊದಲ ಮಳೆಗೆ ಜಾಯಿಂಟ್ ಒದ್ದೆಯಾದರೆ ನಾಲ್ಕೂ ಮನೆ ಕತ್ತಲೆ. "ನಾಲ್ಕು ಕೋರಿಂದು ಎಳೆಯೋಣ. ಒಂದೊಂದು ಮನೆಗೆ ಒಂದೊಂದು ಎಳೆ. ಜಗಳ ಇಲ್ಲ."

ಜಗಳ ಇತ್ತು

ಮೊದಲ 200 ಮೀಟರ್ ಅವರ ಲೆಕ್ಕಕ್ಕೆ. ಉಳಿದ 900 ಮೀಟರ್ ನಮ್ಮದು, ಮೀಟರಿಗೆ 16 ರೂಪಾಯಿಯಂತೆ 14,400. ಒಬ್ಬನೇ ಹಾಕಿಕೊಳ್ಳುವುದು ಕಷ್ಟ. ದಾರಿಯಲ್ಲಿ ಎರಡು ಮನೆ, ನಮ್ಮ ಮನೆ, ಆಚೆ ದೊಡ್ಡಪ್ಪನ ಮನೆ. ಸರಿಯಾಗಿ ನಾಲ್ಕು.

ತಲೆಗೆ 3,600 ಅಂದೆ. ರಸ್ತೆಗೆ ಹತ್ತಿರದ ಮನೆಯವರು ಒಪ್ಪಲಿಲ್ಲ. "ನನ್ನ ಮನೆಗೆ ಮುನ್ನೂರು ಮೀಟರೂ ಇಲ್ಲ. ನಿಮ್ಮ ಮನೆವರೆಗಿನ ದುಡ್ಡು ನಾನ್ಯಾಕೆ ಕೊಡ್ಲಿ ತಮಾ?" ಅವರ ಮಾತಲ್ಲೂ ನ್ಯಾಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಕೇಬಲ್ ಹೋಗಬೇಕಾದ್ದು ಅವರ ತೋಟದಲ್ಲಿ. ಅವರಿಗೂ ದೊಡ್ಡಪ್ಪನಿಗೂ ಬೇಲಿಯ ವಿಷಯದಲ್ಲಿ ಹಳೆ ಮುನಿಸು ಬೇರೆ. ಫೈಬರ್ ಕಂಪನಿಯ ಯಾವ ಫಾರಂನಲ್ಲೂ ಈ ಕಾಲಂ ಇರುವುದಿಲ್ಲ.

ಮೂರು ಸಂಜೆ ಅವರ ಜಗಲಿಯಲ್ಲಿ ಕೂತೆ. ಎಲೆಯಡಿಕೆ ಕವಳ ಹಾಕುತ್ತಾ ಅಡಿಕೆ ರೇಟು, ಕೊಳೆ ರೋಗ, ಮಗಳ ಓದು ಎಲ್ಲ ಮಾತಾಯಿತು. ಕೊನೆಗೆ ಕೆಲಸ ಮಾಡಿದ್ದು ಮಗಳ ಓದು. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಕಡೆಯ ಎಷ್ಟೋ ಮಕ್ಕಳ ಹಾಗೆ ಆಕೆಯೂ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದ್ದು ಕ್ಲಾಸ್ ಕೇಳಿದವಳು. ಈಗ ಡಿಗ್ರಿಗೆ ಹೋಗುತ್ತಾಳೆ. "ಅಪ್ಪ, ಹಾಕ್ಸು" ಅಂತ ಒಳಗಿನಿಂದ ಒಂದೇ ಮಾತು ಬಂತು. ಅವರು 1,800 ಕೊಡುವುದು, ಉಳಿದ ಮೂವರು 4,200ರಂತೆ ಹಾಕುವುದು ಅಂತ ತೀರ್ಮಾನವಾಯಿತು. ಕೇಬಲ್ ಅಡಿಕೆ ಮರಕ್ಕೆ ಮೊಳೆ ಹೊಡೆದು ಕಟ್ಟಬಾರದು ಅನ್ನುವುದು ಅವರ ಷರತ್ತು. ಸರಿಯಾದ ಷರತ್ತೇ. ಮರಕ್ಕೂ ಕೆಟ್ಟದ್ದು, ಗಾಳಿಗೆ ಮರ ತೂಗಿದರೆ ಕೇಬಲ್‌ಗೂ ಕೆಟ್ಟದ್ದು. ಬೇಲಿ ಸಾಲಿನಲ್ಲಿ ಹಳೆ ಕಬ್ಬಿಣದ ಪೈಪ್ ನೆಟ್ಟು ಅದರ ಮೇಲೆ ಎಳೆದೆವು. ತೋಟದ ನಡುವೆ ಎಳೆದಿದ್ದರೆ ಒಂದು ಸೋಗೆ ಬಿದ್ದರೂ ಹೋಗುತ್ತಿತ್ತು.

ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ನಮಗೆ ಗಡುವು ಅಂತ ಇದ್ದದ್ದು ಅದೊಂದೇ, ಅದೂ ತಪ್ಪಿತು. ಕೊನೆಯ ಮುನ್ನೂರು ಮೀಟರ್ ಕಂಬಳಿ ಕೊಪ್ಪೆ ಹಾಕಿಕೊಂಡು ಎಳೆದದ್ದು. ಏಜೆಂಟರು ಎಳೆಯ ತುದಿ ಬೆಸೆಯುವ ಯಂತ್ರವನ್ನು ನಮ್ಮ ಅಡಿಕೆ ಚಪ್ಪರದ ಕೆಳಗೆ, ಕೊಡೆ ಹಿಡಿಸಿಕೊಂಡು ನಡೆಸಿದರು. ನಮ್ಮ ಮನೆಯ ಅಳತೆ ಮೈನಸ್ 20.4 ಬಂತು.

ಕರೆಂಟು ಹೋದಾಗ

ಹಾಕಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದ್ದೆ. ಅದನ್ನು ಕೇಳಿದ್ದು ನನ್ನ ಅದೃಷ್ಟ. "ಕರೆಂಟು ಹೋದ್ರೆ ನಿಮ್ಮ ಕಡೆ ಎಷ್ಟು ಹೊತ್ತು ಬರ್ತದೆ?"

ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಾಕು ಅಂತ ಎಲ್ಲರೂ ತಿಳಿದಿರುತ್ತಾರೆ. ಆದರೆ ಬೆಳಕು ಹುಟ್ಟುವ ಯಂತ್ರ, ಓಎಲ್‌ಟಿ ಅನ್ನುವುದು, ಇನ್ನೊಂದು ಊರಿನ ಒಂದು ಅಂಗಡಿಯ ಕೋಣೆಯಲ್ಲಿ ಕೂತಿರುತ್ತದೆ. ಅಲ್ಲಿ ಬ್ಯಾಟರಿ ಮುಗಿದರೆ ನಿಮ್ಮ ಮನೆಯ ಇನ್ವರ್ಟರ್ ಸುಮ್ನೆ ಖಾಲಿ ಮೋಡೆಮ್‌ಗೆ ದೀಪ ಹಚ್ಚುತ್ತಾ ಇರುತ್ತದೆ. ನಮ್ಮ ಏಜೆಂಟರು ಪ್ರಾಮಾಣಿಕವಾಗಿ ಹೇಳಿದರು, "ಆರು ತಾಸು. ಆಮೇಲೆ ಜನರೇಟರ್ ಹಾಕ್ಬೇಕು, ಡೀಸೆಲ್ ಇದ್ರೆ ಹಾಕ್ತೇವೆ." ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದಿರುವುದು ಹೊಸತಲ್ಲ. ಹಾಗಾಗಿ ಪೂರ್ವದ ಕಿಟಕಿಗೆ ಒಂದು ಸಿಮ್ ಹಾಕುವ ಪುಟ್ಟ ರೂಟರ್ ಇಟ್ಟೆ. ಬೆಳಿಗ್ಗೆ ಅದರಲ್ಲಿ 8 ಎಂಬಿಪಿಎಸ್ ಸಿಗುತ್ತದೆ. ಮುಖ ತೋರಿಸದೆ ಮಾತಾಡಲು ಧಾರಾಳ ಸಾಕು.

ಸಿಡಿಲಿನ ಮಾತೂ ಹೇಳಬೇಕು. ತಾಮ್ರದ ಲ್ಯಾಂಡ್‌ಲೈನ್ ಕಾಲದಲ್ಲಿ ಗುಡುಗು ಶುರುವಾದರೆ ಅಮ್ಮ ಓಡಿ ಹೋಗಿ ಫೋನಿನ ವೈರು ಕೀಳುತ್ತಿದ್ದರು. ಫೈಬರ್ ಗಾಜು, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಮೇಲೆ ಎಳೆಯುವ ಕೇಬಲ್‌ನಲ್ಲಿ ಬಲಕ್ಕೆ ಅಂತ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ಒಳಗೆ ಬರೀ ಎಳೆ ತರಿಸಿ. ನಮ್ಮಲ್ಲಿ ಹಾಗೆ ಮಾಡಿಸಿದ್ದೇವೆ. ಅಮ್ಮ ಈಗಲೂ ಗುಡುಗಿದರೆ ಮೋಡೆಮ್‌ನ ಪ್ಲಗ್ ಕೀಳುತ್ತಾರೆ. ಅದು ಸರಿಯೇ, ಸಿಡಿಲು ಕರೆಂಟಿನ ದಾರಿಯಲ್ಲೂ ಬರುತ್ತದೆ. ಒಮ್ಮೆ ಮಾತ್ರ ನಾನು ಗ್ರಾಹಕರ ಜೊತೆ ಕರೆಯಲ್ಲಿದ್ದಾಗ ಕಿತ್ತರು.

ದುಡ್ಡಿನ ವಿಷಯ ಹೆಚ್ಚೇನಿಲ್ಲ. ಹೇಳುವ ದರಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿಕೊಂಡೇ ಲೆಕ್ಕ ಹಾಕಿ. ಅನ್‌ಲಿಮಿಟೆಡ್ ಅಂದರೂ ಇಷ್ಟು ಡೇಟಾ ಆದ ಮೇಲೆ ವೇಗ ಇಳಿಯುತ್ತದೆ ಅಂತ ಒಂದು ಮಿತಿ ಇರುತ್ತದೆ, ಎಷ್ಟಕ್ಕೆ ಇಳಿಯುತ್ತದೆ ಅಂತ ಕೇಳಿ. ನಾನು ಮೊದಲ ಮೂರು ತಿಂಗಳು ತಿಂಗಳಿಂದ ತಿಂಗಳಿಗೇ ಕಟ್ಟಿದೆ. ಒಂದು ಮಳೆಗಾಲ ಪೂರ್ತಿ ನೋಡದೆ ವರ್ಷದ ದುಡ್ಡು ಕೊಡುವುದು ನನಗೆ ಇಷ್ಟವಿಲ್ಲ.

ಆ ಮಳೆಗಾಲದಲ್ಲಿ ಎರಡು ಸಲ ಹೋಯಿತು. ಜುಲೈನಲ್ಲಿ ರಸ್ತೆ ಬದಿಯ ಒಂದು ಮತ್ತಿ ಮರ ಕಂಬದ ಮೇಲೆಯೇ ಬಿತ್ತು. ಎರಡು ದಿನ ಕಿಟಕಿಯ ರೂಟರ್‌ನಲ್ಲೇ ದೂಡಿದೆ. ಇನ್ನೊಂದು ಸಲ ಅಳಿಲು ಕೇಬಲ್ ಕಡಿದಿತ್ತು. ಎರಡೂ ಸಲ ಕಾಲ್‌ಸೆಂಟರ್‌ನಲ್ಲಿ ದೂರು ಬರೆಸಿ ನಂಬರ್ ತೆಗೆದುಕೊಂಡೆ, ಆಮೇಲೆ ಏಜೆಂಟರಿಗೂ ಫೋನ್ ಮಾಡಿದೆ. ಬಂದದ್ದು ಏಜೆಂಟರು. ಆದರೂ ಆ ನಂಬರ್ ಇಟ್ಟುಕೊಳ್ಳಬೇಕು. ಯಾರೂ ಬಾರದಿದ್ದರೆ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಲು ಅದೇ ಬೇಕು. ಒಬ್ಬೊಬ್ಬರ ದೂರನ್ನು ಟ್ರಾಯ್ ನೇರವಾಗಿ ಬಿಡಿಸುವುದಿಲ್ಲ.

ಅಪ್ಪಯ್ಯ ಈಗ ಕೋಲು ಹಿಡಿದು ಸಂಕದವರೆಗೆ ನಡೆಯುತ್ತಾರೆ. ಹೋಗುವಾಗ ಕೇಬಲ್ ಮೇಲೆ ಸೋಗೆ ಬಿದ್ದಿದೆಯಾ ಅಂತ ನೋಡಿಕೊಂಡು ಬರುವುದು ಅವರದ್ದೇ ಕೆಲಸ.

ಹೋದ ವಾರ ಹಳ್ಳದ ಆಚೆ ಮನೆಯ ಹುಡುಗ ಮಂಗಳೂರಿನಿಂದ ಫೋನ್ ಮಾಡಿದ. ಅವನಿಗೂ ಊರಿಗೆ ಬರಬೇಕಂತೆ, ಯಾವ ಕಂಪನಿ ಒಳ್ಳೆಯದು ಅಂತ ಕೇಳಿದ. ಡಬ್ಬಿಯಲ್ಲಿ ಒಂದು ಪೋರ್ಟ್ ಉಳಿದಿದೆ, ಬೇಗ ಹೇಳು ಅಂದೆ. ಏಜೆಂಟರಿಗೂ ತಿಳಿಸಿದೆ. "ಒಂದೇ ಮನೆಗೆ ಅಷ್ಟು ದೂರ ಎಳೆಯೋಕೆ ಆಗಲ್ಲ ಮಾರಾಯ್ರೇ. ಆ ಕಡೆ ಇನ್ನೆರಡು ಮನೆ ಒಪ್ಪಿಸಿ, ಇನ್ನೊಂದು ಡಬ್ಬಿಯನ್ನೇ ತರ್ತೇನೆ" ಅಂದರು. ಭಾನುವಾರ ಸಂಜೆ ಹಳ್ಳ ದಾಟಿ ಆ ಕಡೆ ಹೋಗುವುದಿದೆ. ಅಮ್ಮ ಕವಳದ ಸಂಚಿ ತುಂಬಿಸಿ ಇಟ್ಟಿದ್ದಾರೆ.